ಸೂರಿನ ನೀರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾನು ಕಟ್ಟಿಸಲಿರುವ ಮನೆಯ ನಕ್ಷೆಯನ್ನು ಹಿಡಿದುಕೊಂಡು ಬಂದಿದ್ದ. ಕೋಣೆಗಳ ಅಳತೆ, ವಾಸ್ತು, ಮೆಟ್ಟಿಲಿನ ದಿಕ್ಕು, ಗ್ರಾನೈಟಿನ ಬಣ್ಣ ಎಲ್ಲವೂ ನಿಶ್ಚಯವಾಗಿದ್ದವು. "ಏನಾದರೂ ಬಿಟ್ಟಿದ್ದೇನೆಯೇ ಸಾರ್?" ಎಂದು ಕೇಳಿದ. "ಗೋಡೆಗೆ ಹೊಡೆದ ಮಳೆ ಎಲ್ಲಿಗೆ ಹೋಗುತ್ತದಪ್ಪಾ?" ಎಂದೆ. ಅವನು ನಕ್ಷೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅವನನ್ನು ಆಕ್ಷೇಪಿಸುವ ಅಧಿಕಾರ ನನಗಿಲ್ಲ. 1994ರಲ್ಲಿ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದಾಗ ನಾನೂ ಆ ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ.

ನಮ್ಮ ಹಿರಿಯರಿಗೆ ಅದನ್ನು ಕೇಳಿಕೊಳ್ಳುವ ಅಗತ್ಯವೇ ಇರಲಿಲ್ಲ. ಮಲೆನಾಡಿನ ಮಣ್ಣಿನ ಗೋಡೆಯ ಮನೆ ನಿಂತಿದ್ದುದೇ ಅದರ ಸೂರಿನ ಬಲದಿಂದ. ಮಾಡು ಗೋಡೆಯನ್ನು ದಾಟಿ ಹೊರಕ್ಕೆ ಚಾಚಿ, ಜಗಲಿಯನ್ನೂ ಮುಚ್ಚಿ, ನೀರನ್ನು ತಳಪಾಯದಿಂದ ದೂರಕ್ಕೆ ಬೀಳಿಸುತ್ತಿತ್ತು. ಮರದ ಕಂಬದ ಬುಡಕ್ಕೆ ಕಲ್ಲು ಇರುತ್ತಿದ್ದುದು ಅಲಂಕಾರಕ್ಕಲ್ಲ, ನೆಲದ ತೇವವೂ ಗೆದ್ದಲೂ ಮರಕ್ಕೆ ಏರಬಾರದೆಂದು. ಅಷ್ಟು ಮಾಡಿದ ಮೇಲೂ, ಮಳೆಗಾಲ ಹಿಡಿಯುವ ಮೊದಲು ಗಾಳಿಮಳೆ ಹೊಡೆಯುವ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ.

ಕಲ್ಲಿನಲ್ಲಿ ಕಟ್ಟಿದವರೂ ಇದನ್ನು ಮರೆತಿರಲಿಲ್ಲ. ಭದ್ರಾವತಿಯ ಹಳೆಯ ಊರಿನಲ್ಲಿರುವ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯಕ್ಕೆ ನಿಮ್ಮಲ್ಲಿ ಹಲವರನ್ನು ಕರೆದುಕೊಂಡು ಹೋಗಿದ್ದೆ. ಆಗ ಮೂರು ಗರ್ಭಗೃಹಗಳನ್ನೂ ಗೋಡೆಯ ಶಿಲ್ಪಗಳನ್ನೂ ತೋರಿಸಿದೆನೇ ಹೊರತು, ಆ ಶಿಲ್ಪಗಳ ಮೇಲೆ ಹೊರಚಾಚಿಕೊಂಡಿರುವ ಕಲ್ಲಿನ ಸೂರನ್ನು ತೋರಿಸಲಿಲ್ಲ. ಏಳು ಶತಮಾನಗಳಿಗೂ ಹೆಚ್ಚು ಕಾಲ ಮಳೆನೀರನ್ನು ಆ ಮೂರ್ತಿಗಳಿಂದ ಆಚೆಗೆ ಸರಿಸುತ್ತ ಬಂದಿರುವುದು ಅದೇ.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ. ಕ್ರಮೇಣ ನಾಡಹೆಂಚಿನ ಮತ್ತು ಸೋಗೆಯ ಜಾಗಕ್ಕೆ ಮಂಗಳೂರು ಹೆಂಚು ಬಂದಿತು. ವಸ್ತು ಬದಲಾಯಿತು, ಇಳಿಜಾರು ಬದಲಾಗಲಿಲ್ಲ. ನಿಜವಾದ ಬದಲಾವಣೆಯ ಸಾಮಗ್ರಿ ಸಿದ್ಧವಾದದ್ದು ನಮ್ಮ ನೆರೆಯಲ್ಲೇ. ಬೆಂಕಿಪುರವೆಂದು ಕರೆಯುತ್ತಿದ್ದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ವಿಶ್ವೇಶ್ವರಯ್ಯನವರು ಅದರ ಆಡಳಿತವನ್ನು ವಹಿಸಿಕೊಂಡು ನಷ್ಟದಿಂದ ಮೇಲೆತ್ತಿದ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆಂಬುದು ನಿಮಗೇ ಗೊತ್ತು. ಮುಂದೆ ಅಲ್ಲಿ ಉಕ್ಕೂ ಸಿಮೆಂಟೂ ತಯಾರಾದವು. ಇವೆರಡೂ ಸೇರಿದ ಕಾಂಕ್ರೀಟು ಮನೆಯ ಮಾಡನ್ನು ಚಪ್ಪಟೆ ಮಾಡಿತು. ಸಮತಟ್ಟಾದ ತಾರಸಿ ಬಯಲುಸೀಮೆಗೆ ಒಪ್ಪುವಂಥದು. ನಾವು ಮಲೆನಾಡಿನ ಸೆರಗಿನಲ್ಲಿದ್ದುಕೊಂಡು ಅದನ್ನು ಘನತೆಯ ಗುರುತೆಂದು ಭಾವಿಸಿದೆವು. ಹೆಂಚಿನ ಮನೆಯಲ್ಲಿರುವವನು ಬಡವ, ತಾರಸಿಯವನು ಸ್ಥಿತಿವಂತ.

ನಾನೂ ಹಾಗೆಯೇ ಭಾವಿಸಿದವನು. ಸಾಲ ಮಾಡಿ ಕಟ್ಟಿಸುತ್ತಿದ್ದುದರಿಂದ ಪಶ್ಚಿಮದ ಕಿಟಕಿಯ ಮೇಲಿನ ಸಜ್ಜೆಯನ್ನು ಅರ್ಧ ಅಡಿಗೆ ಇಳಿಸಿದೆ. ಅದರ ತಳದಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಒಂದು ಸಣ್ಣ ಗೀರು ಇರಬೇಕೆಂಬುದು ನನಗೆ ತಿಳಿದಿರಲಿಲ್ಲ, ಮೇಸ್ತ್ರಿಯೂ ಹೇಳಲಿಲ್ಲ. ಆ ಗೀರು ಇಲ್ಲದಿದ್ದರೆ ಹನಿ ಅಂಚಿನಲ್ಲಿ ಕಳಚಿ ಬೀಳುವುದಿಲ್ಲ. ಸಜ್ಜೆಯ ತಳಕ್ಕೆ ಅಂಟಿಕೊಂಡೇ ಹಿಂದಕ್ಕೆ ಹರಿದು ಗೋಡೆಯನ್ನು ಸೇರುತ್ತದೆ. ಹಸಿ ಸಿಮೆಂಟಿನಲ್ಲಿ ಒಂದು ಕಡ್ಡಿಯನ್ನಿಟ್ಟು ತೆಗೆದರೆ ಆಗುವ ಕೆಲಸವದು!

ಅದು ಅಮ್ಮನ ಕೋಣೆ. ಗೃಹಪ್ರವೇಶದ ದಿನ ಅವಳು ಹೊರಗೆ ಒಂದು ಸುತ್ತು ಬಂದು, "ಅಲ್ಲ ಕಣೋ, ಈ ಮನೆಗೆ ಸೂರೇ ಇಲ್ಲವಲ್ಲೋ?" ಎಂದಿದ್ದಳು. ತಾರಸಿಯ ಮನೆಗೆ ಸೂರು ಬೇಡವೆಂದು ನಾನು ವಿವರಿಸಿದೆ. ಬಿ.ಎಡ್. ಮಾಡಿದವನಲ್ಲವೇ, ವಿವರಿಸುವುದು ಚೆನ್ನಾಗಿ ಬರುತ್ತಿತ್ತು. ಎರಡನೆಯ ಮಳೆಗಾಲಕ್ಕೆ ಗೋಡೆಯ ಸುಣ್ಣ ಉಬ್ಬಿತು, ಮೂರನೆಯದಕ್ಕೆ ಬೂಷ್ಟು ಹಿಡಿಯಿತು. ಮೊದಲೇ ಉಬ್ಬಸವಿದ್ದ ಅಮ್ಮ ರಾತ್ರಿಯಿಡೀ ಕೆಮ್ಮುತ್ತ ಕೂರತೊಡಗಿದಳು. ಅಮ್ಮನ ಮಂಚ ನಡುಮನೆಯಲ್ಲೇಕಿದೆಯೆಂದು ಬಂಧುಗಳಲ್ಲಿ ಹಲವರು ಆಗ ಕೇಳುತ್ತಿದ್ದಿರಿ. ಅವಳಿಗೆ ಜನರ ನಡುವೆ ಇರುವುದು ಇಷ್ಟವೆಂದು ಉತ್ತರಿಸುತ್ತಿದ್ದೆ. ಅದು ಸುಳ್ಳು. ಅವಳು 2006ರಲ್ಲಿ ತೀರಿಕೊಳ್ಳುವವರೆಗೂ ಆ ಕೋಣೆಯಲ್ಲಿ ನನ್ನ ಪುಸ್ತಕಗಳಿದ್ದವು. ಅವುಗಳಿಗೂ ಬೂಷ್ಟು ಹಿಡಿಯಿತು.

ಈಗ ಶಿವಮೊಗ್ಗದ ಯಾವ ಬಡಾವಣೆಯಲ್ಲಿ ನೋಡಿದರೂ ತಾರಸಿಯ ಮೇಲೆ ತಗಡಿನ ಇಳಿಜಾರು ಮಾಡುಗಳು ಎದ್ದಿವೆ. ಬಟ್ಟೆ ಒಣಗಿಸಲು, ಅಡಿಕೆ ಹರಡಲು ಎಂದು ಹೇಳುತ್ತಾರೆ. ನಾವು ಕಿತ್ತುಹಾಕಿದ ಮಾಡೇ ಎರಡನೆಯ ಖರ್ಚಿನಲ್ಲಿ ಹಿಂದಿರುಗಿದೆ ಎಂಬುದು ನನ್ನ ಎಣಿಕೆ.

ನಕ್ಷೆ ತಂದ ಶಿಷ್ಯನಿಗೆ ಇನ್ನೂ ಕೆಲವನ್ನು ಹೇಳಿದೆ. ಬಚ್ಚಲಿನ ನೆಲಕ್ಕೆ ಕಲ್ಲು ಹಾಸುವ ಮುನ್ನ ಒಂದು ಕೊಡ ನೀರು ಸುರಿದು, ಅದು ಬಾಗಿಲ ಕಡೆಗೆ ಬರುತ್ತದೆಯೋ ಮೋರಿಯ ಕಡೆಗೆ ಹೋಗುತ್ತದೆಯೋ ನಿಂತು ನೋಡು. ತಾರಸಿಯ ನೀರಿಗೆ ಒಂದೇ ಕೊಳವೆಯನ್ನು ನಂಬಬೇಡ, ಒಂದು ಹಿಡಿ ತರಗೆಲೆ ಸಾಕು, ತಾರಸಿ ಕೆರೆಯಾಗುತ್ತದೆ. ಗೋಡೆಯ ಸುತ್ತ ನೆಲ ಹೊರಕ್ಕೆ ಇಳಿದಿರಲಿ. ಅವನು ಮೊಬೈಲಿನಲ್ಲಿ ಗುರುತು ಹಾಕಿಕೊಂಡ.

ಕಳೆದ ಬೇಸಿಗೆಯಲ್ಲಿ ಮಗ ನಮ್ಮ ಮನೆಯ ದುರಸ್ತಿಗೆ ಕೈಹಾಕಿದಾಗ ಪಶ್ಚಿಮದ ಕಿಟಕಿಯ ಮೇಲೆ ಎರಡೂವರೆ ಅಡಿಯ ಹೊಸ ಸಜ್ಜೆ ಹಾಕಿಸಿದೆವು. ಗೀರು ಹಾಕುವಾಗ ನಾನೇ ಪಕ್ಕದಲ್ಲಿ ನಿಂತಿದ್ದೆ. ಜೂನಿನ ಮೊದಲ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಆ ಕೋಣೆಗೆ ಹೋಗಿ ಗೋಡೆಯನ್ನು ಮುಟ್ಟಿ ನೋಡಿದೆ. ಒಣಗಿತ್ತು. ಅಮ್ಮನ ಮಂಚ ಈಗ ಭದ್ರಾವತಿಯಲ್ಲಿ, ತಂಗಿಯ ಮನೆಯಲ್ಲಿದೆ.