ಮಕ್ಕಳಿಗೂ ಲಕ್ವ ಹೊಡೆಯುತ್ತದೆ

1974ರ ಬೇಸಿಗೆ. ತಮ್ಮನಿಗೆ ಆಗ ಐದು ವರ್ಷ. ನಂಜನಗೂಡಿನ ಹತ್ತಿರದ ನಮ್ಮೂರಿನಲ್ಲಿ ಆ ವರ್ಷ ಸೀತಾಳೆ ಸಿಡುಬು ಮನೆಮನೆಗೂ ಹೊಕ್ಕಿತ್ತು. ಅದನ್ನು ಕಾಯಿಲೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಅಮ್ಮ ಬಂದವ್ಳೆ' ಎನ್ನುತ್ತಿದ್ದರು. ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಅರಿಶಿನ ಹಚ್ಚಿ, ನೀರು ಹಾಕಿ, ಗುಳ್ಳೆಗಳು ಒಣಗಿ ಉದುರಿ, ಎಲ್ಲರೂ ಅದನ್ನು ಮರೆತೂ ಆಗಿತ್ತು. ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ಅವನ ಕೈಗೆ ಅಂಬಲಿಯ ಲೋಟ ಕೊಟ್ಟಳು. ಲೋಟ ಜಾರಿ ಬಿತ್ತು. ಬೈದುಕೊಂಡು ಇನ್ನೊಂದು ಲೋಟ ಕೊಟ್ಟಳು. ಅದೂ ಬಿತ್ತು. ಆಮೇಲೆ ಮುಖ ನೋಡಿದರೆ ಬಾಯಿ ಎಡಕ್ಕೆ ಎಳೆದುಕೊಂಡಿತ್ತು.

ಅಜ್ಜಿ 'ಗಾಳಿ ಸೋಕದೆ' ಎಂದಳು. ತಾಯತ ಕಟ್ಟಿಸಿದರು. ಪಕ್ಕದ ಊರಿನಿಂದ ಒಬ್ಬರು ಬಂದು ಪಾರಿವಾಳದ ರಕ್ತವನ್ನು ಬಲಗೈ, ಬಲಗಾಲಿಗೆ ತಿಕ್ಕಿದರು. ಆ ವಾಸನೆ ನನಗೆ ಈಗಲೂ ಮೂಗಿನಲ್ಲಿದೆ. ತಿಂಗಳ ನಂತರ ದೊಡ್ಡ ಆಸ್ಪತ್ರೆಗೆ ಹೋದಾಗ ಒಂದೇ ಮಾತಿನಲ್ಲಿ 'ಪೋಲಿಯೊ' ಎಂದು ಬರೆದು ಕಳಿಸಿದರು. ಮಗುವಿನ ಕೈಕಾಲು ಬಿತ್ತು ಎಂದರೆ ಪೋಲಿಯೊ, ಆ ಕಾಲದಲ್ಲಿ ಅಷ್ಟೇ. ಲಕ್ವ ಇರಬಹುದೇ ಎಂದು ಅಪ್ಪ ಕೇಳಿದ್ದಕ್ಕೆ, 'ಅದು ವಯಸ್ಸಾದವರಿಗೆ ಬರೋದು' ಎಂಬ ಉತ್ತರ ಸಿಕ್ಕಿತು.

ಹತ್ತು ವರ್ಷದ ಮೇಲೆ ನಾನು ಫಿಸಿಯೋಥೆರಪಿ ಕಾಲೇಜು ಸೇರಿದೆ. ಎರಡನೇ ವರ್ಷದ ರಜೆಗೆ ಊರಿಗೆ ಬರುವಾಗ ಮಂಡಿ ತಟ್ಟುವ ರಬ್ಬರ್ ಸುತ್ತಿಗೆಯನ್ನೂ ತಂದಿದ್ದೆ. ಜಗಲಿಯ ಮೇಲೆ ತಮ್ಮನನ್ನು ಕಾಲು ಇಳಿಬಿಟ್ಟು ಕೂರಿಸಿ ಎಡಮಂಡಿಗೆ ತಟ್ಟಿದೆ, ಕಾಲು ಸ್ವಲ್ಪ ಕುಪ್ಪಳಿಸಿತು. ಬಲಮಂಡಿಗೆ ತಟ್ಟಿದೆ, ಕಾಲು ಒದ್ದ ಹಾಗೆ ಮುಂದಕ್ಕೆ ಚಿಮ್ಮಿತು. ಪೋಲಿಯೊ ಬೆನ್ನುಹುರಿಯ ನರಕೋಶಗಳನ್ನು ತಿನ್ನುವ ರೋಗ. ಅದು ಹಿಡಿದ ಕಾಲು ಬಟ್ಟೆಯ ಹಾಗೆ ಜೋಲುತ್ತದೆ, ಸುತ್ತಿಗೆಗೆ ಉತ್ತರ ಕೊಡುವುದಿಲ್ಲ. ನನ್ನ ತಮ್ಮನ ಕಾಲು ಜೋಲುತ್ತಿರಲಿಲ್ಲ, ಬಿಗಿದುಕೊಂಡಿತ್ತು. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಮುಚ್ಚಿತ್ತು, ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಪೆಟ್ಟು ಬಿದ್ದದ್ದು ಬೆನ್ನುಹುರಿಗಲ್ಲ, ಮಿದುಳಿಗೆ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವನನ್ನು ಬೇರೊಂದು ರೋಗದ ಹೆಸರಿನಿಂದ ಕರೆದಿದ್ದೆವು. ಮಕ್ಕಳ ಲಕ್ವದ ಚರಿತ್ರೆಯನ್ನು ಹುಡುಕಿ ಓದಲು ನಾನು ಶುರುಮಾಡಿದ್ದು ಆ ಜಗಲಿಯಿಂದಲೇ.

ಓದುತ್ತ ಹೋದಂತೆ ಗೊತ್ತಾಯಿತು, ಹೆಸರು ತಪ್ಪಿದ್ದು ನಮ್ಮ ಮನೆಯಲ್ಲಿ ಮಾತ್ರ ಅಲ್ಲ. ವಾಗ್ಭಟನ ಅಷ್ಟಾಂಗಹೃದಯದ ಉತ್ತರಸ್ಥಾನದಲ್ಲಿ ಮಕ್ಕಳನ್ನು ಹಿಡಿಯುವ ಬಾಲಗ್ರಹಗಳ ವಿವರ ಬರುತ್ತದೆ. ಸ್ಕಂದಗ್ರಹ ಹಿಡಿದ ಮಗುವಿಗೆ ದೇಹದ ಒಂದು ಪಕ್ಕ ಬಿದ್ದುಹೋಗುತ್ತದೆ, ಮೈ ಬಿಗಿಯುತ್ತದೆ, ಬೆವರುತ್ತದೆ ಎಂದು ಅವನು ಬರೆದಿದ್ದಾನೆ. ಕಾರಣ ಗ್ರಹವೆಂದು ಹೇಳಿದನಾದರೂ ಅವನು ಕಣ್ಣಿಟ್ಟು ನೋಡಿದ್ದಾನೆ. ನಮ್ಮ ಅಜ್ಜಿಯ 'ಗಾಳಿ'ಯೂ ಅದೇ ದಾರಿಯಲ್ಲಿ ಬಂದದ್ದು. ಹಾಗಾಗಿ ಅಜ್ಜಿಯ ಮೇಲೆ ನನಗೆ ಕೋಪವಿಲ್ಲ.

ಪೋಲಿಯೊ ಎಂಬ ಹೆಸರಿಗೂ ಒಂದು ಹಳೆಯ ಬೇರಿದೆ. 1880ರ ದಶಕದಲ್ಲಿ ಜರ್ಮನಿಯ ಲೈಪ್‌ಜಿಗ್‌ನ ನರವೈದ್ಯ ಆಡಾಲ್ಫ್ ಸ್ಟ್ರುಂಪೆಲ್ ಒಂದು ವಾದ ಮುಂದಿಟ್ಟರು. ಬೆನ್ನುಹುರಿಗೆ ತಗುಲಿ ಪೋಲಿಯೊ ತರುವ ಸೋಂಕೇ ಕೆಲವು ಮಕ್ಕಳಲ್ಲಿ ಮಿದುಳಿಗೆ ತಗುಲಿ ಅರ್ಧಾಂಗವನ್ನು ಬೀಳಿಸುತ್ತದೆ ಎಂಬುದು ಅದರ ಸಾರ. ಆ ವಾದ ನಿಲ್ಲಲಿಲ್ಲ. 1889ರಲ್ಲಿ ವಿಲಿಯಂ ಆಸ್ಲರ್ ಮಕ್ಕಳ ಮಿದುಳಿನ ಪಾರ್ಶ್ವವಾಯುಗಳ ಮೇಲೆ ಒಂದು ಪುಸ್ತಕವನ್ನೇ ತಂದರು. ಫಿಲಡೆಲ್ಫಿಯಾದ ನರರೋಗಗಳ ಆಸ್ಪತ್ರೆಯಲ್ಲಿ ಕಲೆಹಾಕಿದ ನೂರೈವತ್ತಕ್ಕೂ ಹೆಚ್ಚು ಮಕ್ಕಳ ವಿವರ ಅದರಲ್ಲಿದೆ, ಹೆಚ್ಚಿನವರಿಗೆ ಬಿದ್ದದ್ದು ಒಂದೇ ಪಕ್ಕ. ಎರಡು ವರ್ಷದ ನಂತರ ವಿಯೆನ್ನಾದಲ್ಲಿ ಇದೇ ಅರ್ಧಾಂಗವಾಯುವಿನ ಬಗ್ಗೆ ಇನ್ನೊಂದು ಗ್ರಂಥ ಬಂತು. ಬರೆದವರು ಆಸ್ಕರ್ ರೀ ಎಂಬ ಮಕ್ಕಳ ವೈದ್ಯ ಮತ್ತು ಸಿಗ್ಮಂಡ್ ಫ್ರಾಯ್ಡ್. ಹೌದು, ಕನಸುಗಳ ಫ್ರಾಯ್ಡ್ ಅವರೇ. ಅದಕ್ಕೂ ಮುಂಚೆ ಅವರು ಕಸೋವಿಟ್ಸ್ ಎಂಬುವರ ಮಕ್ಕಳ ಚಿಕಿತ್ಸಾಲಯದಲ್ಲಿ ನರರೋಗದ ವಿಭಾಗ ನೋಡಿಕೊಳ್ಳುತ್ತಿದ್ದರು. ಬಡವರ ಮಕ್ಕಳ ಬಿಗಿದ ಕೈಗಳನ್ನು ಬಿಡಿಸಿ ನೋಡಿದ ಆ ಫ್ರಾಯ್ಡ್ ಅವರನ್ನು ಜನ ಮರೆತಿದ್ದಾರೆ. ನನಗೆ ಅವರೇ ಹತ್ತಿರದವರು. ಕೊನೆಗೆ ಉಳಿದ ಊನವನ್ನು ಮಾತ್ರ ನೋಡಿ ಮೊದಲು ಏನಾಗಿತ್ತು ಎಂದು ಹೇಳಲಾಗದು, ಬೇರೆ ಬೇರೆ ಕಾರಣಗಳು ಒಂದೇ ರೂಪ ತೊಟ್ಟು ಬರುತ್ತವೆ ಎಂದು ಅವರು ಎಚ್ಚರಿಸಿದ್ದರು.

ಆ ಬೇರೆ ಬೇರೆ ಕಾರಣಗಳು ಯಾವುವೆಂದು ಬದುಕಿರುವ ಮಗುವಿನಲ್ಲಿ ನೋಡುವುದಕ್ಕೆ ಮಿದುಳಿನ ಒಳಗಿನ ಚಿತ್ರ ಬೇಕಾಗಿತ್ತು. 1927ರಲ್ಲಿ ಲಿಸ್ಬನ್‌ನ ಎಗಾಸ್ ಮೋನಿಜ್ ರಕ್ತನಾಳಕ್ಕೆ ಎಕ್ಸ್‌ರೇಯಲ್ಲಿ ಎದ್ದುಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುವುದನ್ನು ತೋರಿಸಿಕೊಟ್ಟರು. ಸಿ.ಟಿ. ಸ್ಕ್ಯಾನ್‌ಗೆ ಮೊದಲ ರೋಗಿ ಮಲಗಿದ್ದು 1971ರ ಅಕ್ಟೋಬರ್‌ನಲ್ಲಿ, ಲಂಡನ್ನಿನಲ್ಲಿ. ತಮ್ಮನ ಲೋಟ ಬಿದ್ದದ್ದು ಅದಾಗಿ ಮೂರನೇ ವರ್ಷದಲ್ಲಿ. ಆ ಯಂತ್ರ ನಮ್ಮ ಕಡೆಯ ಮಕ್ಕಳಿಗೆ ಸಿಗಲು ಇನ್ನೂ ಬಹಳ ವರ್ಷ ಹಿಡಿಯಿತು. ಬೆಂಗಳೂರಿನ ನಿಮ್ಹಾನ್ಸ್‌ನ ಡಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳ ಮಿದುಳಿನ ರಕ್ತನಾಳದ ರೋಗಗಳ ಬಗ್ಗೆ 1994ರಲ್ಲಿ ಪ್ರಕಟಿಸಿದ ಪ್ರಬಂಧ ಕೈಗೆ ಬಂದಾಗ ಅದನ್ನು ನಾನು ನೆರಳಚ್ಚು ಮಾಡಿಸಿ ಇಟ್ಟುಕೊಂಡೆ. ನಮ್ಮ ರಾಜ್ಯದಲ್ಲೇ ಇಂಥ ಮಕ್ಕಳನ್ನು ಯಾರೋ ಎಣಿಸುತ್ತಿದ್ದಾರೆ ಎಂಬುದೇ ನನಗೆ ದೊಡ್ಡ ಸಮಾಧಾನವಾಗಿತ್ತು.

ವಯಸ್ಸಾದವರಿಗೆ ಬಿ.ಪಿ., ಸಕ್ಕರೆ, ಬೀಡಿ ಸಿಗರೇಟಿನಿಂದ ಲಕ್ವ ಬಂದರೆ ಮಕ್ಕಳಿಗೆ ಬರುವ ದಾರಿಗಳೇ ಬೇರೆ. ಹುಟ್ಟುತ್ತಲೇ ಹೃದಯದಲ್ಲಿ ತೂತಿರುವ ಮಕ್ಕಳು, ಕ್ಷಯದ ಮಿದುಳು ಜ್ವರ, ವಾಂತಿಭೇದಿಯಲ್ಲಿ ಮೈನೀರು ಬತ್ತಿ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ತೀರಾ ರಕ್ತಹೀನತೆ. ಸೀತಾಳೆ ಸಿಡುಬು ಆದ ವಾರಗಳ, ತಿಂಗಳುಗಳ ಮೇಲೆ ಅದೇ ವೈರಾಣು ಮಿದುಳಿನ ದೊಡ್ಡ ರಕ್ತನಾಳದ ಗೋಡೆಯನ್ನು ಊದಿಸಿ ದಾರಿ ಕಿರಿದು ಮಾಡಬಲ್ಲದು. ಟೊರಾಂಟೊದ ವೈದ್ಯರು 2001ರಲ್ಲಿ ಈ ನಂಟನ್ನು ಪ್ರಕಟಿಸಿದ್ದನ್ನು ಓದಿದ ದಿನ ಅವ್ವನಿಗೆ ಫೋನ್ ಮಾಡಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದು, 'ಹಂಗಾರೆ ನಾನು ಕೊಟ್ಟ ಅಂಬಲಿಯಿಂದ ಅಲ್ಲ ಅಲ್ವಾ?' ಎಂದು ಕೇಳಿದಳು. ಇಪ್ಪತ್ತೇಳು ವರ್ಷ ಆ ತಣ್ಣನೆ ಅಂಬಲಿಯ ತಪ್ಪನ್ನು ಅವಳು ಒಬ್ಬಳೇ ಹೊತ್ತಿದ್ದಳು.

ಇನ್ನೊಂದು ಕಾರಣವಂತೂ ನಮ್ಮ ದಕ್ಷಿಣದ ಮನೆಗಳಲ್ಲೇ ದಿನಾ ನಡೆಯುವಂಥದ್ದು. ಎಂಟು ತಿಂಗಳ ಕೂಸು ದಿವಾನದಿಂದ ಉರುಳಿ ಬೀಳುತ್ತದೆ. ಎತ್ತರ ಒಂದೂವರೆ ಅಡಿ, ಅತ್ತು ಸುಮ್ಮನಾಗುತ್ತದೆ. ಅರ್ಧ ಗಂಟೆ ಕಳೆದು ಗಿಲಕಿ ತೋರಿಸಿದರೆ ಒಂದೇ ಕೈ ಚಾಚುತ್ತದೆ. ಭುಜ ಉಳುಕಿದೆ ಎಂದು ಉಳುಕು ತೆಗೆಯುವವರ ಹತ್ತಿರ ಓಡುತ್ತಾರೆ. ಹಾಗೆ ಎರಡು ದಿನ ಎಣ್ಣೆ ತಿಕ್ಕಿಸಿಕೊಂಡು ನನ್ನ ಬಳಿ ಬಂದ ಕೂಸಿನ ಭುಜದಲ್ಲಿ ಏನೂ ಇರಲಿಲ್ಲ, ಸಿ.ಟಿ.ಯಲ್ಲಿ ಮಿದುಳಿನ ಆಳದಲ್ಲಿ ಸುಣ್ಣದ ಕಡ್ಡಿಯಿಂದ ಗೀರಿದಂತೆ ಸಣ್ಣ ಬಿಳಿ ಗೆರೆಗಳಿದ್ದವು. ಹುಲ್ಲೆಳೆಯಷ್ಟು ಸಪೂರ ರಕ್ತನಾಳಗಳ ಗೋಡೆಯಲ್ಲಿ ಸುಣ್ಣದಂಶ ಕೂತಿರುತ್ತದೆ, ಸಣ್ಣ ಕುಲುಕಿಗೂ ಅವು ಮುಚ್ಚಿಕೊಳ್ಳುತ್ತವೆ. ಹೈದರಾಬಾದಿನ ಮಕ್ಕಳ ನರವೈದ್ಯ ಲೋಕೇಶ್ ಲಿಂಗಪ್ಪ ಮತ್ತು ಜೊತೆಯವರು 2014ರಲ್ಲಿ ಇದನ್ನು ವಿವರವಾಗಿ ಬರೆದರು. ಈ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ಮತ್ತೆ ಬಿದ್ದರೆ ಮತ್ತೆ ಬರಬಹುದು. ಆ ಕೂಸಿನ ತಾಯಿಗೆ ನಾನು ಹೇಳಿದ್ದು ಇಷ್ಟೇ: 'ಮಂಚ, ದಿವಾನ ಏನೂ ಬೇಡಮ್ಮ, ನಡೆಯೋವರೆಗೂ ಮಗುನ ನೆಲದ ಮೇಲೇ ಮಲಗಿಸು.'

ಮತ್ತೆ ಬರುತ್ತದೆಯೇ? ಮಗುವನ್ನು ಕರೆತಂದ ಪ್ರತಿ ತಾಯಿಯೂ ಕಣ್ಣಿನಲ್ಲೇ ಕೇಳುವ ಪ್ರಶ್ನೆ ಇದು. ನನ್ನ ವೃತ್ತಿಯ ಅರ್ಧಭಾಗ ಇದಕ್ಕೆ ನೆಟ್ಟಗೆ ಉತ್ತರ ಇರಲಿಲ್ಲ. ಕ್ಯಾಲಿಫೋರ್ನಿಯಾದ ಹೆದರ್ ಫುಲ್ಲರ್ಟನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಕೊಟ್ಟಿತು. ಹುಟ್ಟುವ ಹೊತ್ತಿನಲ್ಲಿ ಲಕ್ವ ಹೊಡೆದ ಮಕ್ಕಳಿಗೆ ಐದು ವರ್ಷದೊಳಗೆ ಅದು ಮರುಕಳಿಸುವುದು ನೂರಕ್ಕೆ ಒಂದರ ಆಸುಪಾಸು. ಆಮೇಲಿನ ವಯಸ್ಸಿನಲ್ಲಿ ಹೊಡೆದವರಿಗೆ ನೂರಕ್ಕೆ 19. ರಕ್ತನಾಳದ ಚಿತ್ರದಲ್ಲಿ ಕೆಡುಕು ಕಂಡ ಮಕ್ಕಳಿಗೆ ನೂರಕ್ಕೆ 66. ಚಿತ್ರ ಸರಿಯಾಗಿದ್ದ ಮಕ್ಕಳಲ್ಲಿ ಒಬ್ಬರಿಗೂ ಮರುಕಳಿಸಿರಲಿಲ್ಲ. ಅಂದರೆ ಮಿದುಳಿನ ಗಾಯ ನೋಡಿದರೆ ಸಾಲದು, ಗಾಯ ಮಾಡಿದ ರಕ್ತನಾಳವನ್ನೂ ನೋಡಬೇಕು. ನನ್ನ ತಮ್ಮನಿಗೆ ಮರಳಿ ಬರಲಿಲ್ಲ. ಸಿಡುಬಿನ ನಂತರ ಊದಿಕೊಂಡ ರಕ್ತನಾಳ ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಣ್ಣಗಾಗುತ್ತದೆ.

ಮೊಯಮೊಯದಲ್ಲಿ ಹಾಗಲ್ಲ. ಮಿದುಳಿಗೆ ಹೋಗುವ ಮುಖ್ಯ ರಕ್ತನಾಳಗಳು ವರ್ಷಗಳುದ್ದಕ್ಕೂ ಕಿರಿದಾಗುತ್ತ ಹೋಗಿ, ಅಕ್ಕಪಕ್ಕ ನೂಲಿನಂಥ ನಾಳಗಳ ಗೋಜಲು ಬೆಳೆಯುವ ರೋಗ ಇದು. ಆ ಗೋಜಲು ಎಕ್ಸ್‌ರೇಯಲ್ಲಿ ತೇಲುವ ಸಿಗರೇಟಿನ ಹೊಗೆಯಂತೆ ಕಂಡದ್ದರಿಂದ ಜಪಾನಿನ ಜಿರೊ ಸುಜುಕಿ ಮತ್ತು ಟಕಾಕು 1969ರಲ್ಲಿ ಈ ಹೆಸರು ಬಳಕೆಗೆ ತಂದರು. ಬಿಸಿ ನೂಡಲ್ಸ್ ಊದಿ ತಿನ್ನುವಾಗ, ಕೊಳಲು ಊದುವಾಗ, ಬಿಕ್ಕಿ ಬಿಕ್ಕಿ ಅಳುವಾಗ ಮಕ್ಕಳ ಕೈ ಇದ್ದಕ್ಕಿದ್ದಂತೆ ಬೀಳುವುದನ್ನು ಅಲ್ಲಿನ ವೈದ್ಯರು ಗಮನಿಸಿದ್ದರು. ಜೋರಾಗಿ ಉಸಿರು ಬಿಟ್ಟಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿದು ರಕ್ತನಾಳಗಳು ಇನ್ನಷ್ಟು ಕುಗ್ಗುತ್ತವೆ. ಹತ್ತೇ ನಿಮಿಷದಲ್ಲಿ ಕೈ ಸರಿಹೋಯಿತು ಎಂದು ಮನೆಯವರು ನೆಮ್ಮದಿಯಾಗುತ್ತಾರೆ. ನೆಮ್ಮದಿಯಾಗಬಾರದು. ನೆತ್ತಿಯ ಚರ್ಮದ ರಕ್ತನಾಳವನ್ನು ಮಿದುಳಿನ ಮೇಲೆ ಕೂರಿಸುವ ಶಸ್ತ್ರಚಿಕಿತ್ಸೆಯಿಂದ ಇಂಥ ಮಕ್ಕಳನ್ನು ಮುಂದಿನ ಹೊಡೆತದಿಂದ ಕಾಪಾಡಬಹುದು.

ಆದರೆ ಮರುಕಳಿಕೆಯ ಚರಿತ್ರೆಯಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಸಿಕಲ್ ಸೆಲ್ ರೋಗದ ಮಕ್ಕಳ ಬಳಿ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ನಾಳಗಳನ್ನು ಕೆಡಿಸುವ ರೋಗ ಇದು, ಹುಟ್ಟಿನಿಂದಲೇ ಬರುತ್ತದೆ. 1952ರಲ್ಲಿ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಶ್ ನೀಲಗಿರಿಯ ಬುಡಕಟ್ಟುಗಳಲ್ಲಿ ಇದರ ಗುಣವನ್ನು ಕಂಡರು. ಗುಡ್ಡ ದಾಟಿದರೆ ನಮ್ಮ ಬಿಳಿಗಿರಿರಂಗನ ಬೆಟ್ಟ, ಹೆಗ್ಗಡದೇವನಕೋಟೆಯ ಹಾಡಿಗಳು. ಸೋಲಿಗರಲ್ಲಿ, ಜೇನುಕುರುಬರಲ್ಲಿ ಈ ರೋಗ ಇದೆ. ಶಿಬಿರಗಳಿಗೆಂದು ಆ ಕಡೆ ಹೋಗುತ್ತಿದ್ದಾಗ ಒಂದು ಹಾಡಿಯಲ್ಲಿ ಏಳು ವರ್ಷದ ಹುಡುಗಿಗೆ ಎಡಗೈ ವ್ಯಾಯಾಮ ಕಲಿಸಿ ಬಂದೆ. ಮುಂದಿನ ವರ್ಷ ಹೋದಾಗ ಅವಳ ಬಲಗೈಯೂ ಹೋಗಿತ್ತು, ಮಾತೂ ನಿಂತಿತ್ತು. ನಾನು ಕಲಿಸಿದ ವ್ಯಾಯಾಮ ಸರಿಯಾಗೇ ಇತ್ತು. ಅವಳಿಗೆ ಬೇಕಾಗಿದ್ದದ್ದು ರಕ್ತ.

ಏಕೆಂದರೆ ಸಿಕಲ್ ಸೆಲ್ ಮಗುವಿಗೆ ಒಮ್ಮೆ ಲಕ್ವ ಹೊಡೆದು ಹಾಗೇ ಬಿಟ್ಟರೆ ಮೂವರಲ್ಲಿ ಇಬ್ಬರಿಗೆ ಮತ್ತೆ ಹೊಡೆಯುತ್ತದೆ ಎಂದು ಅಮೆರಿಕದಲ್ಲಿ 1978ರಲ್ಲೇ ಬರೆದಿಟ್ಟಿದ್ದರು. ಜಾರ್ಜಿಯಾದ ರಾಬರ್ಟ್ ಆಡಮ್ಸ್ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಮೊದಲ ಹೊಡೆತವನ್ನೇ ತಡೆಯಬಹುದೇ ಎಂದು ಕೇಳಿದರು. ಕಿವಿಯ ಮುಂದೆ, ತಲೆಬುರುಡೆಯ ತೆಳು ಜಾಗದಲ್ಲಿ ಡಾಪ್ಲರ್ ಕಡ್ಡಿ ಇಟ್ಟರೆ ಒಳಗಿನ ರಕ್ತದ ಓಟದ ವೇಗ ತಿಳಿಯುತ್ತದೆ. ನಾಳ ಕಿರಿದಾದಷ್ಟೂ ವೇಗ ಹೆಚ್ಚು. ಸೆಕೆಂಡಿಗೆ 200 ಸೆಂಟಿಮೀಟರ್ ಮುಟ್ಟಿದ 130 ಮಕ್ಕಳನ್ನು ಎರಡು ಗುಂಪು ಮಾಡಿದರು. ಎಂದಿನ ಆರೈಕೆಯಲ್ಲೇ ಉಳಿದ 67 ಮಕ್ಕಳಲ್ಲಿ 11 ಮಂದಿಗೆ ಲಕ್ವ ಹೊಡೆಯಿತು, ನಿಯಮಿತವಾಗಿ ರಕ್ತ ಪಡೆದ 63 ಮಕ್ಕಳಲ್ಲಿ ಒಬ್ಬರಿಗೆ. ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿ ಎಲ್ಲರಿಗೂ ರಕ್ತ ಕೊಡಬೇಕಾಯಿತು. 1998ರಲ್ಲಿ ಅದು ಅಚ್ಚಾಯಿತು. ರಕ್ತ ಕೊಡುವುದನ್ನು ನಿಲ್ಲಿಸಿದರೆ ಅಪಾಯ ಮರಳುತ್ತದೆ ಎಂಬುದು 2005ರಲ್ಲಿ ಗೊತ್ತಾಯಿತು. ತಿಂಗಳು ತಿಂಗಳೂ ರಕ್ತ ಎಂದರೆ ಮೈಯಲ್ಲಿ ಕಬ್ಬಿಣ ಶೇಖರವಾಗುತ್ತದೆ, ಹಾಡಿಯಿಂದ ರಕ್ತನಿಧಿಗೆ ಬಸ್ಸೂ ಇರುವುದಿಲ್ಲ. 2016ರಲ್ಲಿ ಬಂದ ಫಲಿತಾಂಶ ಇದಕ್ಕೆ ದಾರಿ ತೋರಿಸಿತು: ಲಕ್ವ ಇನ್ನೂ ಹೊಡೆದಿರದ, ಒಂದು ವರ್ಷವಾದರೂ ರಕ್ತ ಪಡೆದ, ನಾಳಗಳು ತೀರಾ ಕೆಟ್ಟಿರದ ಮಕ್ಕಳಿಗೆ ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆಯೂ ಅಷ್ಟೇ ರಕ್ಷಣೆ ಕೊಡುತ್ತದೆ. ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಶುರುವಾದದ್ದು 2023ರ ಜುಲೈನಲ್ಲಿ. ಆ ಹುಡುಗಿಗೆ ಇದು ಯಾವುದೂ ಹೊತ್ತಿಗೆ ಒದಗಲಿಲ್ಲ.

ದೊಡ್ಡವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದು 1995ರಿಂದಲೇ ಸಾಬೀತಾಗಿದೆ. ಅದನ್ನು ಮಕ್ಕಳಲ್ಲಿ ಪರೀಕ್ಷಿಸಲು ಹೊರಟ ಪ್ರಯೋಗವನ್ನು 2013ರಲ್ಲಿ ಮುಚ್ಚಬೇಕಾಯಿತು, ಅಷ್ಟು ದಿನಗಳಲ್ಲಿ ಸೇರಿದ್ದು ಒಂದೇ ಒಂದು ಮಗು. ಎಷ್ಟೋ ಮಕ್ಕಳು ಆಸ್ಪತ್ರೆ ಮುಟ್ಟುವ ಹೊತ್ತಿಗೆ, ಇದು ಲಕ್ವ ಎಂದು ಗೊತ್ತಾಗುವ ಹೊತ್ತಿಗೆ ಆ ಚುಚ್ಚುಮದ್ದಿನ ಗಡುವೇ ಮುಗಿದಿರುತ್ತದೆ. ಹಾಗಾಗಿ ಬಹಳ ಮಕ್ಕಳಿಗೆ ಇಂದಿಗೂ ಸಣ್ಣ ಪ್ರಮಾಣದ ಆಸ್ಪಿರಿನ್, ಮೂಲ ಕಾರಣಕ್ಕೆ ಮದ್ದು, ಆಮೇಲೆ ನಮ್ಮಂಥವರ ಕೈ. ನಾನು ಕಲಿಯುವಾಗ ಬರ್ಟಾ ಮತ್ತು ಕಾರೆಲ್ ಬೋಬಾತ್ ದಂಪತಿಯ ಪದ್ಧತಿಯೇ ವೇದವಾಕ್ಯ. ಆಮೇಲೆ ಎಡ್ವರ್ಡ್ ಟೌಬ್ ತೋರಿಸಿದ ದಾರಿ ಬಂತು, ಚೆನ್ನಾಗಿರುವ ಕೈಯನ್ನು ದಿನದ ಕೆಲವು ಗಂಟೆ ಕಟ್ಟಿಹಾಕಿ ಸೋತ ಕೈಗೆ ಕೆಲಸ ಕೊಡುವುದು. ಮಗುವಿನ ಒಳ್ಳೆಯ ಕೈಗೆ ಕಾಲುಚೀಲ ತೊಡಿಸಿ ತಟ್ಟೆಯಲ್ಲಿ ಕಡಲೆಪುರಿ ಹರಡಿ ಕೂರಿಸುತ್ತೇನೆ. ಮೊದಲ ದಿನ ಅಳು. ಹತ್ತನೇ ದಿನ ಒಂದು ಪುರಿ ಬಾಯಿಗೆ ಹೋಗುತ್ತದೆ.

ಓದುವವರಲ್ಲಿ ನನ್ನದೊಂದು ಬೇಡಿಕೆ. ಮಗುವಿನ ಕೈ ದಿಢೀರನೆ ಸೋತರೆ, ಬಾಯಿ ಓರೆಯಾದರೆ, ಮಾತು ತಪ್ಪಿದರೆ, ಒಂದೇ ಪಕ್ಕಕ್ಕೆ ಫಿಟ್ಸ್ ಬಂದರೆ ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಅವತ್ತೇ, ಆ ಗಂಟೆಯೇ ಹೊರಡಿ. ಬಿದ್ದಿತ್ತೇ, ಕಳೆದೊಂದು ವರ್ಷದಲ್ಲಿ ಸೀತಾಳೆ ಸಿಡುಬು ಆಗಿತ್ತೇ, ಮನೆಯಲ್ಲಿ ಯಾರಿಗಾದರೂ ಸಿಕಲ್ ಸೆಲ್ ಇದೆಯೇ ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಮನೆಗೆ ಕಳಿಸುವಾಗ 'ರಕ್ತನಾಳದ ಚಿತ್ರ ತೆಗೆದಿದ್ದೀರಾ, ಅದರಲ್ಲಿ ಏನಿದೆ?' ಎಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ಬನ್ನಿ.