ಸುಲ್ತಾನ್ ತೋಡೂ ರಜೆಯ ದೋಣಿಯೂ



ನೀಲೇಶ್ವರದ ಕೋಟಪ್ಪುರದಲ್ಲಿ ಕಟ್ಟಿಹಾಕಿದ ಹೌಸ್‌ಬೋಟುಗಳನ್ನು ನೀವು ಕಂಡಿರಬಹುದು. ರಜೆ ಬಂತೆಂದರೆ ಜನ ಮಕ್ಕಳುಮರಿಗಳೊಂದಿಗೆ ಅವನ್ನು ಹತ್ತಿ, ಬಲಗಡೆಗೆ ವಲಿಯಪರಂಬದ ತೆಂಗಿನ ತೋಟಗಳನ್ನು ನೋಡುತ್ತ ತೆಂಕಣಕ್ಕೆ ಸಾಗುತ್ತಾರೆ. ಆ ತೆಂಗಿನ ಸಾಲಿನಾಚೆಗೆ ಕಡಲು. ಅದು ಅಷ್ಟು ಹತ್ತಿರವಿದ್ದರೂ ಬೋಟಿನಲ್ಲಿಟ್ಟ ಚಹಾ ತುಳುಕುವುದಿಲ್ಲ. ಈ ನೆಮ್ಮದಿಯ ಬೆಲೆ ಹಿಂದಿನ ದೋಣಿಯವರಿಗೆ ಚೆನ್ನಾಗಿ ಗೊತ್ತಿತ್ತು.

ಆಟಿ ತಿಂಗಳ ಕಡಲು ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಸರಕು ಸಾಗಿಸಲು ಹಿನ್ನೀರೇ ಗತಿ. ನೀಲೇಶ್ವರದಿಂದ ಪಯ್ಯನ್ನೂರಿನವರೆಗೆ ಕವ್ವಾಯಿ ಕಾಯಲಿನಲ್ಲಿ ಹೇಗೋ ಹೋಗಬಹುದಿತ್ತು. ಮುಂದೆ ಮಾತ್ರ ಏಳಿಮಲೆ ಅಡ್ಡ. ಇಬ್ನ್ ಬತೂತಾ 14ನೇ ಶತಮಾನದಲ್ಲಿ ಚೀನದ ಹಡಗುಗಳು ಬರುವ ರೇವೆಂದು ‘ಹೀಲಿ’ಯನ್ನು ಹೆಸರಿಸಿದ್ದಾನಲ್ಲ, ಅದು ಇದೇ ಬೆಟ್ಟದ ಬುಡ. ಬೆಟ್ಟದ ಮೂತಿ ಕಡಲಿಗೇ ಚಾಚಿದೆ. ವಳಪಟ್ಟಣದ ಕಡೆ ಹೋಗುವ ಸಣ್ಣ ದೋಣಿಯೂ ತೆರೆಗೆ ಇಳಿದು ಅದನ್ನು ಸುತ್ತಬೇಕಾಗಿತ್ತು.

1766ರಲ್ಲಿ ಮೈಸೂರಿನ ಹೈದರಾಲಿ ಮಲಬಾರಿಗೆ ಇಳಿದ. ಕಣ್ಣೂರಿನ ಆಲಿ ರಾಜ ಅವನ ಪಕ್ಷದಲ್ಲಿದ್ದ. ಅದೇ ವರ್ಷ ಹೈದರನ ಪರವಾಗಿ ಆಲಿ ರಾಜ ಪಳಯಂಗಡಿಯ ಹತ್ತಿರ ಒಂದು ಕಾಲುವೆ ತೋಡಿಸಿದ. ಉದ್ದ ನಾಲ್ಕು ಕಿಲೋಮೀಟರಿಗಿಂತಲೂ ಕಡಿಮೆ. ಆದರೂ ಏಳಿಮಲೆಯ ಹಿಂಬದಿಯಿಂದಲೇ ಎರಡು ಕಡೆಯ ನೀರನ್ನು ಅದು ಕೂಡಿಸಿತು; ಕಡಲಿನ ಸುತ್ತು ತಪ್ಪಿತು. ಜನ ಅದನ್ನು ಇಂದಿಗೂ ಸುಲ್ತಾನ್ ತೋಡು ಎನ್ನುತ್ತಾರೆ. ಆಳಿದವರ ಹೆಸರು ಉಳಿಯಿತು, ಹಾರೆ ಹಿಡಿದವರದಲ್ಲ. ಮುಂದೆ 1848ರಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ ಕೋಳಿಕ್ಕೋಡಿನಲ್ಲಿ ಇಂಥದ್ದೇ ಕೆಲಸಕ್ಕೆ ಕೈಹಾಕಿದ.

ಇನ್ನು ದೋಣಿಯ ವಿಚಾರ. ಹೌಸ್‌ಬೋಟಿನ ಮೂಲ ತೆಂಕಣದ ಕುಟ್ಟನಾಡಿನ ಕೆಟ್ಟುವಳ್ಳಂ. ಕೆಟ್ಟು ಎಂದರೆ ಕಟ್ಟು, ವಳ್ಳಂ ಎಂದರೆ ದೋಣಿ. ನಮಗೆ ಅರ್ಥ ಬಿಡಿಸಿ ಹೇಳುವ ಅಗತ್ಯವಿಲ್ಲ. ಹೆಬ್ಬಲಸಿನ ಹಲಗೆಗಳಿಗೆ ತೂತು ಕೊರೆದು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಒಂದು ಮೊಳೆಯೂ ಇಲ್ಲ. ನೀರು ಇಳಿಯದಂತೆ ಗೇರುಬೀಜದ ಕಪ್ಪು ಎಣ್ಣೆ ಬಳಿಯುತ್ತಿದ್ದರು. ದೊಡ್ಡ ದೋಣಿಯಲ್ಲಿ ಮೂವತ್ತು ಟನ್ನಿನಷ್ಟು ಅಕ್ಕಿ ಹಿಡಿಸುತ್ತಿತ್ತು. ಗಳ ಊರಿ ನೂಕುವವರು ಇಬ್ಬರೋ ಮೂವರೋ. ರಾತ್ರಿ ಅವರ ಊಟ, ನಿದ್ದೆ ಅದರಲ್ಲೇ.

1907ರಲ್ಲಿ ರೈಲು ಮಂಗಳೂರು ಮುಟ್ಟಿತು. ಆಮೇಲೆ ಲಾರಿ, ಸೇತುವೆಗಳು ಬಂದವು. ದೋಣಿಗಳು ದಡದಲ್ಲಿ ಒಣಗಿ ಬಿರುಕುಬಿಟ್ಟವು. 1990ರ ದಶಕದಲ್ಲಿ ಆಲಪ್ಪುಳದ ಕಡೆ ಅವುಗಳ ಮೇಲೆ ಬಿದಿರಿನ ಮಾಡು ಕಟ್ಟಿ, ಮಂಚ ಹಾಕಿ ಪ್ರವಾಸಿಗರನ್ನು ಕೂರಿಸಿದರು. ಅಕ್ಕಿಯ ಜಾಗದಲ್ಲಿ ನಾವು! ಗಳದ ಬದಲು ಎಂಜಿನ್ ಬಂತು. ಅದರ ಎಣ್ಣೆ ನೀರಿಗೆ ಬೀಳುವುದನ್ನು ನೋಡಿದರೆ ನನಗಂತೂ ಊಟ ಸೇರುವುದಿಲ್ಲ.

1956ರವರೆಗೆ ಈ ಕವ್ವಾಯಿ ನೀರೇ ಗಡಿ. ಬಡಗಣ ದಂಡೆ ದಕ್ಷಿಣ ಕನ್ನಡ ಜಿಲ್ಲೆಯದು, ತೆಂಕಣದ್ದು ಮಲಬಾರಿನದು. ದೋಣಿಯವನು ಎರಡೂ ದಂಡೆಯ ಮಾತು ಬಲ್ಲವನಾಗಿರಬೇಕಾಗಿತ್ತು, ನಮ್ಮ ಹಾಗೆಯೇ.

ಈ ಹಳೆಯ ದಾರಿಗೆ ಈಗ ಹೊಸ ಲೆಕ್ಕ ಬಂದಿದೆ. ಕೋವಳದಿಂದ ಬೇಕಲದವರೆಗೆ ಆರುನೂರು ಕಿಲೋಮೀಟರಿಗೂ ಮಿಕ್ಕಿದ ಜಲಮಾರ್ಗ ಕೇರಳ ಸರಕಾರದ ಯೋಜನೆ. ಹೆಚ್ಚಿನ ದಾರಿ ಹೊಳೆ ಕಾಯಲುಗಳಲ್ಲೇ ಇದೆ. ಕಣ್ಣೂರಿನಲ್ಲೂ, ನೀಲೇಶ್ವರ ಬೇಕಲಗಳ ನಡುವೆಯೂ ಮಾತ್ರ ಹೊಸದಾಗಿ ನೆಲ ಅಗೆಯಬೇಕು. ಅಲ್ಲಿ ಮನೆಗಳಿವೆ, ಗದ್ದೆಗಳಿವೆ, ಬಾವಿಗಳಿವೆ. ಉಪ್ಪುನೀರು ಒಳಗೆ ಬಂದರೆ ಬಾವಿಯ ಗತಿ ಏನೆಂದು ಜನ ಕೇಳಿದ್ದಾರೆ. ರಜೆಯ ದೋಣಿ ಬರಲಿ, ಬೇಡವೆನ್ನುವುದಿಲ್ಲ. ಆದರೆ ಆ ಪ್ರಶ್ನೆಗೆ ಅಗೆಯುವ ಮೊದಲೇ ಉತ್ತರ ಬರಬೇಕು.

ಕೋಟಪ್ಪುರದಲ್ಲಿ ಬೋಟು ಹತ್ತುವವರು ಒಂದು ದಿನ ಬಿಡುವು ಮಾಡಿಕೊಂಡು ಪಳಯಂಗಡಿಗೂ ಹೋಗಿ ಬನ್ನಿ. ಸುಲ್ತಾನ್ ತೋಡು ಎಲ್ಲಿ ಎಂದು ಕೇಳಿದರೆ ತೋರಿಸುತ್ತಾರೆ.