ಸಿಡಿಲು, ಕಾಫಿ ರೇಟು ಮತ್ತು ನನ್ನ ಡಬ್ಬಾ

ನನ್ನ ಗೇಮಿಂಗ್ ಕಂಪ್ಯೂಟರಿಗೆ ಹದಿನೆಂಟು ವರ್ಷ. ಅಷ್ಟು ವಯಸ್ಸು ಕ್ಯಾಬಿನೆಟ್ಟಿಗೆ ಮಾತ್ರ. ಒಳಗೆ 2006ರದ್ದು ಅಂತ ಉಳಿದಿರೋದು ನಾಲ್ಕು ಸ್ಕ್ರೂ ಇರಬಹುದು. ನಮ್ಮ ತೋಟವೂ ಹಾಗೇ ಅನ್ನಿ. ಅಜ್ಜ ನೆಟ್ಟ ಅರೇಬಿಕಾವನ್ನು ಕಾಂಡಕೊರಕ ತಿಂತು, ಅಪ್ಪ ಕಿತ್ತು ರೊಬಸ್ಟಾ ಹಾಕಿದ್ರು. ತೋಟದ ಹೆಸರು ಮಾತ್ರ ಅದೇ.

ಕಳಸದ ಕಡೆಯವರಿಗೆ ಕಂಪ್ಯೂಟರಿನ ಇತಿಹಾಸ ಅಂದ್ರೆ ಅರ್ಧ ಕಾಫಿಯ ಇತಿಹಾಸ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಸುಟ್ಟವು, ನಮ್ಮಲ್ಲಿ ಜೀಪು, ತಾರಸಿ ಬಂದವು. ಕಂಪ್ಯೂಟರ್ ಬೇಕು ಅನ್ನೋ ಬುದ್ಧಿ ನನಗೆ ಬರುವ ಹೊತ್ತಿಗೆ, 2001-02ರಲ್ಲಿ, ರೇಟು ನೆಲ ಕಚ್ಚಿತ್ತು. ಕೊಯ್ಲಿನ ಕೂಲಿ ಹುಟ್ಟೋದೇ ಕಷ್ಟ ಇದ್ದಾಗ ಅಪ್ಪನ್ನ ಕೇಳೋದು ಹೇಗೆ? ಗೆಳೆಯನ ಮನೇಲಿ ರೋಡ್ ರ‍್ಯಾಷ್ ನೋಡಿ ಬರ್ತಿದ್ದೆ. ಆಡಿ ಅಲ್ಲ, ನೋಡಿ.

2006ರಲ್ಲಿ ಬಿಇ ಸೇರಿದಾಗ "ಓದಿಗೆ ಬೇಕು" ಅಂದೆ. ಅಪ್ಪ ಮೆಣಸು ಮಾರಿ ಚಿಕ್ಕಮಗಳೂರಲ್ಲಿ ಅಸೆಂಬಲ್ ಮಾಡಿಸಿದ್ರು: ಪೆಂಟಿಯಂ 4, 256 ಎಂಬಿ ರ‍್ಯಾಮ್, ಹೊಟ್ಟೆ ದಪ್ಪದ ಮಾನಿಟರ್. ಜಿಟಿಎ ಸ್ಯಾನ್ ಆಂಡ್ರಿಯಾಸ್ ಕೇಳ್ತಿದ್ದ ಕನಿಷ್ಠ ರ‍್ಯಾಮ್ ಅಷ್ಟೇ, ಆದ್ರೆ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. ಆಟ ಮದುವೆ ಆಲ್ಬಂ ತರ ಒಂದೊಂದೇ ಚಿತ್ರವಾಗಿ ಓಡ್ತಿತ್ತು. 2008ರಲ್ಲಿ ಬೆಂಗಳೂರಿನ ಎಸ್‌.ಪಿ. ರೋಡಿನಿಂದ ಜಿಫೋರ್ಸ್ 8400 ಜಿಎಸ್ ತಂದೆ. ಮೊದಲ ಅಪ್‌ಗ್ರೇಡ್.

ಮಳೆಗಾಲಕ್ಕೆ ಮುಂಚಿನ ಸಿಡಿಲು ಗೊತ್ತಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ಗು, ಫೋನ್ ವೈರು ಎರಡೂ ಎಳೀಬೇಕು. 2009ರ ಮೇನಲ್ಲಿ ಒಂದು ಪ್ಯಾಚ್ ಡೌನ್‌ಲೋಡ್ ಆಗ್ತಿತ್ತು, ನಾನು ಎಳೀಲಿಲ್ಲ. ಸಿಡಿಲು ಫೋನ್ ಲೈನಲ್ಲಿ ಬಂದು ಮೋಡೆಮ್, ಅಲ್ಲಿಂದ ಮದರ್‌ಬೋರ್ಡ್ ಸುಟ್ಟಿತು. "ವೈರ್ ಎಳೆದಿದ್ದೆ" ಅಂತ ಸುಳ್ಳು ಹೇಳಿದೆ. ಹಾಗಾದ್ರೆ ಅರ್ಥಿಂಗೇ ಸರಿಯಿಲ್ಲ ಅಂತ ಅಪ್ಪ ಮಾರನೇ ದಿನ ತಾವೇ ಗುಂಡಿ ತೋಡಿ ಉಪ್ಪು, ಇದ್ದಿಲು ಸುರಿದು ಹೊಸದು ಮಾಡಿದ್ರು. ನಾನು ಇದ್ದಿಲಿನ ಬುಟ್ಟಿ ಹಿಡ್ಕೊಂಡು ನಿಂತಿದ್ದೆ.

ಹೊಸ ಬೋರ್ಡಿಗೆ ಹಳೇ ರ‍್ಯಾಮ್ ಕೂರಲಿಲ್ಲ. ಡಿಡಿಆರ್‌ನ ಸೀಳು ಇರೋ ಜಾಗ ಬೇರೆ, ಡಿಡಿಆರ್2ದು ಬೇರೆ. ಅದಕ್ಕೂ ದುಡ್ಡು ಅಪ್ಪಂದೇ.

ಆಮೇಲಿನದ್ದು ಸಂಬಳದ ಕಥೆ. 2014ರಲ್ಲಿ ಬಂದ ಜಿಟಿಎಕ್ಸ್ 750 ಟಿಐಗೆ ಬೇರೆ ಪವರ್ ಕೇಬಲ್ ಬೇಕಿರಲಿಲ್ಲ, ನನ್ನ ಹಳೇ ಎಸ್‌ಎಂಪಿಎಸ್ ಸಾಕಾಯ್ತು. 2021ರಲ್ಲಿ ಆರ್‌ಟಿಎಕ್ಸ್ 3060 ಬಂದಾಗ ಚಿಪ್ ಕೊರತೆ, ಮೇಲಿಂದ ಈಥೀರಿಯಂ ಮೈನಿಂಗ್‌ನವರ ಕಾಟ. ಹೇಳಿದ ಬೆಲೆಗೆ ಸಿಗಲಿಲ್ಲ. 2022ರ ಸೆಪ್ಟೆಂಬರಲ್ಲಿ ಈಥೀರಿಯಂಗೆ ಮೈನಿಂಗೇ ಬೇಡವಾಯ್ತು, ಆಮೇಲೆ ಕೊಂಡೆ.

ಈ ವರ್ಷ, 2024ರಲ್ಲಿ, ವಿಯೆಟ್ನಾಂನಲ್ಲಿ ಬರ, ರೊಬಸ್ಟಾಗೆ ಕಂಡರಿಯದ ರೇಟು. ಅಪ್ಪ ಫೋನ್ ಮಾಡಿ, "ಹೊಸ ಕಾರ್ಡ್ ಎಷ್ಟಾಗುತ್ತೆ? ಈ ಸಲ ನಾನು ಕೊಡಿಸ್ತೀನಿ" ಅಂದ್ರು. ತಡೀಲಿಕ್ಕಾಗದೆ ವೈರಿನ ವಿಷಯ ಹೇಳಿಬಿಟ್ಟೆ.

"ಗೊತ್ತಿತ್ತು ಮಾರಾಯ. ಅದರ ತುದಿ ಕರಟಿ ಮೋಡೆಮ್ಮಲ್ಲೇ ಅಂಟಿತ್ತಲ್ಲ. ಗುಂಡಿ ಹೇಗೂ ತೆಗೀಬೇಕಿತ್ತು. ಕಾರ್ಡಿನ ರೇಟು ಹೇಳು."